ಬಿಸಿನೆಸ್ ಪ್ಲ್ಯಾನ್ ಕೊನೇಗೆ ಬರೆಸಿ, ಮೊದಲು ಏನಾದ್ರೂ ಮಾರೋಕೆ ಕಳ್ಸಿ

ಕಾಲೇಜಲ್ಲಿ ಆಂತ್ರಪ್ರೆನರ್‌ಶಿಪ್ ಪೇಪರ್ ತಗೊಳ್ಳೋ ಲೆಕ್ಚರರ್‌ಗಳಲ್ಲಿ ಹೆಚ್ಚಿನವರು ಪಾಠ ಮಾಡೋ ಕ್ರಮ ಒಂದೇ ಥರ ಇರತ್ತೆ. ಮೊದಲ ಎರಡು ವಾರ ಉದ್ಯಮಿ ಅಂದ್ರೆ ಯಾರು, ಗುಣಲಕ್ಷಣ ಏನು ಅಂತ ನೋಟ್ಸ್, ಆಮೇಲೆ ದೊಡ್ಡ ದೊಡ್ಡ ಕಂಪನಿ ಕಟ್ಟಿದವರ ಕಥೆ, ಆಮೇಲೆ ಬಿಸಿನೆಸ್ ಪ್ಲ್ಯಾನ್ ಫಾರ್ಮ್ಯಾಟ್ ಬೋರ್ಡ್ ಮೇಲೆ ಬರೆದು "ನಾಲ್ಕು ನಾಲ್ಕು ಜನ ಗುಂಪು ಮಾಡ್ಕೊಂಡು ತಿಂಗಳ ಕೊನೇಗೆ ಸಬ್ಮಿಟ್ ಮಾಡಿ" ಅಂತ ಹೇಳೋದು. ಬರೋ ಪ್ಲ್ಯಾನ್‌ಗಳೂ ಹಾಗೇ. ಮೊದಲ ಪುಟದಲ್ಲಿ ವಿಷನ್ ಮಿಷನ್, ಎರಡನೇದ್ರಲ್ಲಿ ಬಲ, ದೌರ್ಬಲ್ಯ, ಅವಕಾಶ, ಅಪಾಯ ಅಂತ ನಾಲ್ಕು ಚೌಕದ ಸ್ವಾಟ್ ಅನಾಲಿಸಿಸ್, ಕೊನೇಲಿ ಐದು ವರ್ಷದ ಲಾಭದ ಟೇಬಲ್, ಅದ್ರಲ್ಲಿ ಮಾರಾಟ ಪ್ರತಿ ವರ್ಷ ಶೇ 20 ಏರ್ತಾ ಹೋಗಿರತ್ತೆ, ಯಾಕೆ 20 ಅಂತ ಕೇಳಿದ್ರೆ ಗುಂಪಲ್ಲಿ ಒಬ್ರಿಗೂ ಗೊತ್ತಿರಲ್ಲ. ಈಗಂತೂ ಚಾಟ್‌ಬಾಟ್‌ಗೆ ಎರಡು ಸಾಲು ಹೇಳಿದ್ರೆ ಇಂಥ ಪ್ಲ್ಯಾನ್ ಕೂತ ಜಾಗದಲ್ಲೇ ಸಿಗತ್ತೆ, ಭಾಷೆ ಚೆನ್ನಾಗಿರತ್ತೆ, ಟೇಬಲ್ ನೀಟಾಗಿರತ್ತೆ, ಒಬ್ಬೇ ಒಬ್ಬ ಗಿರಾಕಿನೂ ಅದರೊಳಗೆ ಇರಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ. ಪ್ಲ್ಯಾನ್ ಬರೆಯೋದನ್ನ ಬಿಡ್ಬೇಡಿ, ಆದ್ರೆ ಅದನ್ನ ಕೋರ್ಸಿನ ಕೊನೇಗೆ ತಳ್ಳಿ. ಅದಕ್ಕೆ ಮುಂಚೆ ಹುಡುಗ್ರು ಹುಡುಗೀರು ಜನರ ಹತ್ರ ಹೋಗಿ ಮಾತಾಡಿರ್ಬೇಕು, ಸಣ್ಣದಾಗಿ ಆದ್ರೂ ಏನನ್ನಾದ್ರೂ ಮಾರಿರ್ಬೇಕು, ದುಡ್ಡು ಕೈಗೆ ಬರೋದು ಯಾವಾಗ ಕೈ ಬಿಡೋದು ಯಾವಾಗ ಅಂತ ನೋಡಿರ್ಬೇಕು. ಆಮೇಲೆ ಬರೆಯೋ ಪ್ಲ್ಯಾನಲ್ಲಿ ಪ್ರತಿಯೊಂದು ಅಂಕಿಗೂ "ಇದು ಎಲ್ಲಿಂದ ಬಂತು" ಅನ್ನೋದಕ್ಕೆ ಅವ್ರ ಹತ್ರ ಉತ್ತರ ಇರತ್ತೆ. ಹೇಳ್ಕೊಡೋರು ನೋಡ್ಬೇಕಾಗಿರೋದು ಅದೊಂದನ್ನೇ, ಈ ಲೇಖನ ಪೂರ್ತಿ ಅದನ್ನ ಮಾಡ್ಸೋದು ಹೇಗೆ ಅನ್ನೋದ್ರ ಬಗ್ಗೆ.

ಮೊದಲ ಕ್ಲಾಸಲ್ಲಿ ಏನು ಹೇಳ್ಬೇಕು

ಗುಣಲಕ್ಷಣಗಳ ಪಟ್ಟಿ ಕೊಡ್ಬೇಡಿ. ಧೈರ್ಯ, ನಾಯಕತ್ವ, ದೂರದೃಷ್ಟಿ ಅಂತೆಲ್ಲ ಬೋರ್ಡ್ ಮೇಲೆ ಬರೆದ ತಕ್ಷಣ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂರೋ ಹುಡುಗಿಗೆ "ಇದು ನನಗಲ್ಲ" ಅನ್ಸಿಬಿಡತ್ತೆ, ನಿಜ ನೋಡಿದ್ರೆ ಲೆಕ್ಕದಲ್ಲಿ ಆ ಹುಡುಗಿನೇ ಎಲ್ಲರಿಗಿಂತ ಚುರುಕಿರಬಹುದು. ಅದ್ರ ಬದಲು ಹಳೇ ವಿವರಣೆ ಒಂದಿದೆ, ಅದನ್ನ ಹೇಳಿ. ರಿಚರ್ಡ್ ಕ್ಯಾಂಟಿಲನ್ ಅಂತ ಒಬ್ರು ಅರ್ಥಶಾಸ್ತ್ರಜ್ಞರು, ಅವ್ರು ತೀರ್ಕೊಂಡ ಮೇಲೆ 1755ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಉದ್ಯಮಿ ಅಂದ್ರೆ ಯಾರು ಅಂತ ಬಹಳ ಸರಳವಾಗಿ ಹೇಳಿದಾರೆ: ಇವತ್ತು ಗೊತ್ತಿರೋ ಬೆಲೆಗೆ ಕೊಂಡು, ನಾಳೆ ಎಷ್ಟಕ್ಕೆ ಹೋಗತ್ತೋ ಗೊತ್ತಿಲ್ಲದ ಬೆಲೆಗೆ ಮಾರೋರು. ಖರ್ಚು ಖಚಿತ, ಆದಾಯ ಖಚಿತ ಇಲ್ಲ, ಈ ಎರಡರ ನಡುವೆ ನಿಂತ್ಕೊಳ್ಳೋರೇ ಉದ್ಯಮಿ. ಇದನ್ನ ಹೇಳಿದ್ರೆ ಇಡೀ ಕೋರ್ಸಿಗೆ ಒಂದು ದಿಕ್ಕು ಸಿಗತ್ತೆ, ಯಾಕಂದ್ರೆ ಬಿಸಿನೆಸ್ ಪ್ಲ್ಯಾನ್ ಅನ್ನೋದು ಆ ಖಚಿತ ಇಲ್ಲದ ಭಾಗವನ್ನ ಎಷ್ಟಾಗತ್ತೋ ಅಷ್ಟು ಕಡಿಮೆ ಮಾಡೋ ಕೆಲ್ಸ, ಬರೀ ಚೆನ್ನಾಗಿ ಬರೆಯೋ ಕೆಲ್ಸ ಅಲ್ಲ.

ಈ ವಿಷಯವನ್ನ ಕ್ಲಾಸಲ್ಲಿ ಹೇಳ್ಕೊಡೋದು ತೀರಾ ಹೊಸದೇನಲ್ಲ, ಹಾರ್ವರ್ಡಲ್ಲಿ ಮೈಲ್ಸ್ ಮೇಸ್ 1947ರಲ್ಲೇ ಹೊಸ ಉದ್ಯಮ ನಡೆಸೋದ್ರ ಬಗ್ಗೆ ಕೋರ್ಸ್ ಶುರು ಮಾಡಿದ್ರು. ಅಲ್ಲಿಂದ ಬಹಳ ಕಾಲ ಪ್ಲ್ಯಾನ್ ಬರೆಯೋದೇ ಮುಖ್ಯ ಅನ್ಕೊಂಡಿದ್ರು, ಅಮೆರಿಕದ ಎಂಐಟಿ ಥರದ ವಿಶ್ವವಿದ್ಯಾಲಯಗಳಲ್ಲಿ 1990ರ ಹೊತ್ತಿಗೆ ಪ್ಲ್ಯಾನ್ ಬರೆಯೋ ಸ್ಪರ್ಧೆಗಳೂ ಬಂದ್ವು. ಅಭಿಪ್ರಾಯ ಬದಲಾಗಿದ್ದು ಆಮೇಲೆ. ಸ್ಟೀವ್ ಬ್ಲ್ಯಾಂಕ್ ಅನ್ನೋರು 2011ರಲ್ಲಿ ಸ್ಟ್ಯಾನ್‌ಫೋರ್ಡಲ್ಲಿ ಶುರು ಮಾಡಿದ ಕೋರ್ಸಲ್ಲಿ ವಿದ್ಯಾರ್ಥಿಗಳು ವಾರ ವಾರ ಹೊರಗೆ ಹೋಗಿ ಗಿರಾಕಿಗಳ ಹತ್ರ ಮಾತಾಡ್ಕೊಂಡು ಬಂದು, ತಿಳ್ಕೊಂಡಿದ್ದು ಏನು, ನಮ್ಮ ಊಹೆಯಲ್ಲಿ ಸುಳ್ಳಾಗಿದ್ದು ಯಾವುದು ಅಂತ ಕ್ಲಾಸ್ ಮುಂದೆ ಹೇಳ್ಬೇಕಿತ್ತು. ಅದೇ ವರ್ಷ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಇದೇ ಕ್ರಮವನ್ನ ವಿಜ್ಞಾನಿಗಳಿಗೆ ಅಂತ ಐ-ಕಾರ್ಪ್ಸ್ ಹೆಸರಲ್ಲಿ ತಗೊಂಡಾಗ ಒಂದೊಂದು ತಂಡ ಸುಮಾರು 100 ಜನರ ಹತ್ರ ಮಾತಾಡ್ಬೇಕು ಅಂತ ಇಟ್ರು. ನೂರು ಅಂದ್ರೆ ನಮ್ಮ ಸೆಮಿಸ್ಟರ್‌ಗೆ ಜಾಸ್ತಿ ಆಗತ್ತೆ, ಒಂದು ತಂಡಕ್ಕೆ ಇಪ್ಪತ್ತೈದು ಮೂವತ್ತು ಸಾಕು, ಆದ್ರೆ ಐದಕ್ಕೆ ಇಳಿಸ್ಬೇಡಿ, ಐದು ಅಂದ್ರೆ ಫ್ರೆಂಡ್ಸ್‌ಗಳನ್ನೇ ಕೇಳ್ಕೊಂಡು ಬರ್ತಾರೆ.

ಮೊದಲ ವಾರವೇ ಮಾರಾಟ

ಟೀನಾ ಸೀಲಿಗ್ ಅನ್ನೋ ಸ್ಟ್ಯಾನ್‌ಫೋರ್ಡ್ ಪ್ರೊಫೆಸರ್ ಮಾಡಿಸಿದ ಒಂದು ಅಭ್ಯಾಸ ನನಗೆ ತುಂಬಾ ಇಷ್ಟ. ಪ್ರತಿ ತಂಡಕ್ಕೆ ಒಂದು ಲಕೋಟೆ, ಒಳಗೆ 5 ಡಾಲರ್. ಯೋಚನೆ ಮಾಡೋಕೆ ದಿನಗಟ್ಟಲೆ ಟೈಮ್ ಇದೆ, ಆದ್ರೆ ಲಕೋಟೆ ಒಡೆದ ಮೇಲೆ ಎರಡೇ ಗಂಟೆ, ಅಷ್ಟರಲ್ಲಿ ಎಷ್ಟು ದುಡಿಯೋಕಾಗತ್ತೋ ದುಡೀಬೇಕು, ಆಮೇಲೆ ಕ್ಲಾಸ್ ಮುಂದೆ ಮೂರು ನಿಮಿಷ ಮಾತಾಡ್ಬೇಕು. ಚೆನ್ನಾಗಿ ದುಡಿದ ತಂಡಗಳು ಆ 5 ಡಾಲರನ್ನ ಮುಟ್ಟಲೇ ಇಲ್ಲ. ಎಲ್ಲರಿಗಿಂತ ಜಾಸ್ತಿ ದುಡಿದ ತಂಡ ತಮಗೆ ಸಿಕ್ಕ ಆ ಮೂರು ನಿಮಿಷವನ್ನೇ, ಆ ಕ್ಲಾಸಿನ ಹುಡುಗರನ್ನ ಕೆಲ್ಸಕ್ಕೆ ತಗೊಳ್ಬೇಕು ಅಂತಿದ್ದ ಒಂದು ಕಂಪನಿಗೆ 650 ಡಾಲರ್‌ಗೆ ಮಾರ್ಬಿಡ್ತು. ದುಡ್ಡಿಲ್ಲ ಅಂತ ಕೂತ್ಕೊಂಡವರಿಗೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ, ಕೈಯಲ್ಲಿರೋ ಬೆಲೆಬಾಳೋ ವಸ್ತು ಯಾವುದು ಅಂತ ನಮಗೇ ಎಷ್ಟೋ ಸಲ ಗೊತ್ತಿರಲ್ಲ.

ಇದರ ಹಿಂದಿರೋ ವಿಚಾರವನ್ನ ಸರಸ್ ಸರಸ್ವತಿ ಅನ್ನೋ ಸಂಶೋಧಕಿ ಸರಿಯಾಗಿ ಹಿಡಿದಿದಾರೆ. ಅನುಭವ ಇರೋ 27 ಉದ್ಯಮಿಗಳಿಗೆ ಒಂದೇ ಸಮಸ್ಯೆ ಕೊಟ್ಟು, ಯೋಚನೆ ಮಾಡ್ತಾ ಮಾಡ್ತಾ ಬಾಯಿ ಬಿಟ್ಟು ಹೇಳಿ ಅಂತ ಕೇಳಿ ಸ್ಟಡಿ ಮಾಡಿದ್ರು, 2001ರಲ್ಲಿ ಅವ್ರ ಲೇಖನ ಬಂತು. ಪಳಗಿದವರು ಮೊದಲು ದೊಡ್ಡ ಗುರಿ ಇಟ್ಕೊಂಡು ಅದಕ್ಕೆ ದುಡ್ಡು ಹುಡುಕ್ಕೊಂಡು ಹೋಗಲ್ಲ, ನಾನು ಯಾರು, ನನಗೇನು ಗೊತ್ತು, ನನಗೆ ಯಾರು ಗೊತ್ತು ಅನ್ನೋ ಮೂರರಿಂದ ಶುರು ಮಾಡ್ತಾರೆ. ಲಾಭ ಎಷ್ಟು ಬರಬಹುದು ಅನ್ನೋದಕ್ಕಿಂತ ಮೊದಲು, ಹೋದ್ರೆ ಎಷ್ಟು ಹೋಗತ್ತೆ, ಅಷ್ಟು ಹೋದ್ರೆ ತಡ್ಕೊತೀನಾ ಅಂತ ನೋಡ್ತಾರೆ. ಕಾಲೇಜ್ ಹುಡುಗರಿಗೆ ಹೇಳ್ಬೇಕಾದ ಮಾತು ಇದೇ, ಮನೇಲಿ ಸಾಲ ಮಾಡಿ ಬಾ ಅಂತ ಯಾರಿಗೂ ಹೇಳೋಕಾಗಲ್ಲ, ಹೇಳಲೂಬಾರದು.

ನೀವು ಇದನ್ನ ಮಾಡಿಸೋವಾಗ ತಂಡಕ್ಕೆ ಒಂದು ಹಾಳೆ ಕೊಡಿ. ಪ್ರತಿಯೊಬ್ರೂ ಆ ಮೂರು ಪ್ರಶ್ನೆಗೆ ತಂತಮ್ಮ ಉತ್ತರ ಬರೀಲಿ. ಒಬ್ಬನಿಗೆ ಸೈಕಲ್ ಬಿಚ್ಚಿ ಜೋಡ್ಸೋಕೆ ಬರತ್ತೆ, ಇನ್ನೊಬ್ಬಳಿಗೆ ಎಕ್ಸೆಲ್ ಚೆನ್ನಾಗಿ ಬರತ್ತೆ, ಮತ್ತೊಬ್ಬನಿಗೆ ಹಾಸ್ಟೆಲ್ ವಾರ್ಡನ್ ಪರಿಚಯ, ಇಷ್ಟಿದ್ರೆ ಕ್ಯಾಂಪಸಲ್ಲೇ ಸೈಕಲ್ ಸರ್ವೀಸ್ ಅನ್ನೋ ಐಡಿಯಾ ಹುಟ್ಟತ್ತೆ. ಈ ಸೈಕಲ್ ತಂಡವನ್ನೇ ಉದಾಹರಣೆಗೆ ಕೊನೇವರೆಗೂ ಇಟ್ಕೊಳೋಣ. ಐಡಿಯಾ ಹೊಸದಲ್ಲ ಅಂತ ಮೂಗು ಮುರೀಬೇಡಿ, ಹೊಸತನ ಮೊದಲ ದಿನವೇ ಇರ್ಬೇಕು ಅಂತ ಹಠ ಹಿಡಿದ್ರೆ ಎಲ್ಲಾ ತಂಡಗಳೂ ಆ್ಯಪ್ ಮಾಡ್ತೀವಿ ಅಂತ ಬರ್ತಾವೆ, ಆ್ಯಪ್ ಮಾಡೋಕೆ ಒಬ್ರಿಗೂ ಬರಲ್ಲ.

ಪರ್ಮಿಷನ್ ವಿಷಯ ನೀವೇ ಮುಂಚೆ ಮುಗಿಸ್ಕೊಳ್ಳಿ, ಪ್ರಿನ್ಸಿಪಾಲರಿಗೆ ಲೆಟರ್, ಏನು ಮಾರಬಾರದು ಅನ್ನೋ ಪಟ್ಟಿ, ದುಡ್ಡು ತಗೊಂಡ್ರೆ ಕೆಲ್ಸ ಮಾಡ್ಕೊಡಲೇಬೇಕು ಇಲ್ಲಾ ವಾಪಸ್ ಕೊಡ್ಬೇಕು ಅನ್ನೋ ನಿಯಮ. ಆಯ್ತು.

ಗಿರಾಕಿ ಹತ್ರ ಏನು ಕೇಳ್ಬೇಕು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ, ಯಾಕಂದ್ರೆ ಹೇಳ್ಕೊಡದೇ ಇದ್ರೆ ಎಲ್ಲಾ ತಂಡಗಳೂ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿ, ಶೇ 85 ಜನಕ್ಕೆ ನಮ್ಮ ಸರ್ವೀಸ್ ಬೇಕಂತೆ ಅಂತ ಪೈ ಚಾರ್ಟ್ ತೋರಿಸ್ತಾವೆ. ಆ ಪೈ ಚಾರ್ಟಿಗೆ ಬೆಲೆ ಇಲ್ಲ. ಗೊತ್ತಿರೋರು ಬಂದು "ನಾವು ಹಿಂಗೊಂದು ಶುರು ಮಾಡ್ತಿದೀವಿ, ನೀನು ಉಪಯೋಗಿಸ್ತೀಯಾ" ಅಂತ ಕೇಳಿದ್ರೆ ಯಾರಾದ್ರೂ ಹೂಂ ಅಂತಾರೆ, ಇಲ್ಲ ಅನ್ನೋಕೆ ಮನಸ್ಸು ಬರಲ್ಲ, ಹೂಂ ಅನ್ನೋದಕ್ಕೆ ಖರ್ಚೂ ಇಲ್ಲ.

ಹಾಗಾಗಿ ಮುಂದೆ ಏನು ಮಾಡ್ತೀಯಾ ಅಂತ ಕೇಳೋದು ಬೇಡ, ಹಿಂದೆ ಏನು ಮಾಡಿದೀಯಾ ಅಂತ ಕೇಳ್ಲಿ. ಸೈಕಲ್ ತಂಡದ ಮಾತುಕತೆ ಹೀಗಿರ್ಬೇಕು:

"ನಿನ್ ಸೈಕಲ್ ಕೊನೇ ಸಲ ಯಾವಾಗ ಕೆಟ್ಟಿದ್ದು?"
"ಹೋದ್ ತಿಂಗ್ಳು, ಬ್ರೇಕ್ ಹಿಡೀತಿರ್ಲಿಲ್ಲ."
"ಆಗೇನ್ ಮಾಡ್ದೆ?"
"ಏನಿಲ್ಲ, ಹಾಗೇ ಓಡಿಸ್ದೆ."
"ಎಷ್ಟ್ ದಿನ?"
"ಈಗ್ಲೂ ಹಾಗೇ ಓಡಿಸ್ತಿದೀನಿ."

ಈ ಕೊನೇ ಉತ್ತರ ಇದೆಯಲ್ಲ, ಅದು ಚಿನ್ನ. ಬ್ರೇಕ್ ಇಲ್ಲದೇ ಒಂದು ತಿಂಗಳು ಸೈಕಲ್ ಓಡಿಸ್ತಿರೋ ಹುಡುಗ ದುಡ್ಡು ಕೊಟ್ಟು ಸರ್ವೀಸ್ ಮಾಡಿಸ್ತಾನೆ ಅನ್ನೋದು ಅನುಮಾನ. ಫಾರ್ಮಲ್ಲಿ ಇದೇ ಹುಡುಗ "ಹೌದು, ತುಂಬಾ ಉಪಯುಕ್ತ" ಅಂತ ಟಿಕ್ ಮಾಡಿರ್ತಿದ್ದ. ಅಂದ್ರೆ ನಿಮ್ಮ ನಿಜವಾದ ಪ್ರತಿಸ್ಪರ್ಧಿ ಗೇಟಿನ ಹೊರಗಿರೋ ರಿಪೇರಿ ಅಂಗಡಿ ಅಲ್ಲ, "ಇರ್ಲಿ ಬಿಡು" ಅನ್ನೋ ಮನಸ್ಥಿತಿ. ಇದು ಗೊತ್ತಾದ್ರೆ ತಂಡ ಬೇರೆ ಗಿರಾಕಿನ ಹುಡುಕತ್ತೆ, ದಿನಾ ದೂರದಿಂದ ಸೈಕಲ್ ತುಳ್ಕೊಂಡು ಬರೋರು, ಸೈಕಲ್ ಕೆಟ್ರೆ ಕ್ಲಾಸೇ ತಪ್ಪತ್ತೆ ಅನ್ನೋರು, ಅವರಿಗೆ ಇದು ನಿಜವಾದ ತೊಂದ್ರೆ.

ಕೇಳ್ಕೊಂಡು ಬಂದಿದ್ದನ್ನ ಅದೇ ದಿನ ಬರೆದಿಡ್ಬೇಕು, ಯಾರ ಹತ್ರ ಅಂತ ಹೆಸರು ಬೇಡ, ಎಂಥವ್ರು ಅಂತ ಸಾಕು, ಅವ್ರು ಆಡಿದ ಮಾತು ಆಡಿದ ಹಾಗೇ ಇರ್ಲಿ, ತಮ್ಮ ಭಾಷೆಗೆ ತಿರುಗಿಸೋದು ಬೇಡ. "ಗ್ರಾಹಕರಿಗೆ ನಿರ್ವಹಣೆಯ ಅರಿವಿನ ಕೊರತೆ ಇದೆ" ಅಂತ ಬರೆದ್ರೆ ಅದ್ರಲ್ಲಿ ಏನೂ ಉಳಿಯಲ್ಲ, "ಈಗ್ಲೂ ಹಾಗೇ ಓಡಿಸ್ತಿದೀನಿ" ಅಂತ ಬರೆದ್ರೆ ಎಲ್ಲಾ ಉಳಿಯತ್ತೆ. ಇಬ್ಬಿಬ್ರು ಹೋಗ್ಲಿ, ಒಬ್ರು ಮಾತಾಡೋದು ಒಬ್ರು ಬರ್ಕೊಳೋದು. ಆಮೇಲೆ ಐಡಿಯಾ ಏನು ಅಂತ ಮಾತಿನ ಕೊನೇವರೆಗೂ ಹೇಳ್ಬಾರದು, ಹೇಳಿದ ತಕ್ಷಣ ಎದುರಿನವರು ನಿಮಗೆ ಬೇಜಾರಾಗದ ಹಾಗೆ ಮಾತಾಡೋಕೆ ಶುರು ಮಾಡ್ತಾರೆ.

ಕಟ್ಟೋಕೆ ಮುಂಚೆ ಚಿಕ್ಕದಾಗಿ ಪರೀಕ್ಷೆ

ಮಾತಾಡಿದ್ದಾಯ್ತು, ಈಗ ಜನ ದುಡ್ಡು ಬಿಚ್ತಾರಾ ನೋಡ್ಬೇಕು, ಅದೂ ಆದಷ್ಟು ಕಡಿಮೆ ಖರ್ಚಲ್ಲಿ. ಇದಕ್ಕೆ ಕ್ಲಾಸಲ್ಲಿ ಹೇಳೋಕೆ ಎರಡು ಒಳ್ಳೇ ಕಥೆ ಇದೆ. ಜ಼ಾಪೋಸ್ ಅನ್ನೋ ಆನ್‌ಲೈನ್ ಶೂ ಕಂಪನಿ ಶುರು ಮಾಡಿದ ನಿಕ್ ಸ್ವಿನ್‌ಮರ್ನ್ 1999ರಲ್ಲಿ ಮೊದಲು ಗೋಡೌನ್ ತುಂಬ್ಕೊಳ್ಳಲಿಲ್ಲ, ಅಂಗಡಿಗೆ ಹೋಗಿ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದ್ರು, ಯಾರಾದ್ರೂ ಆರ್ಡರ್ ಮಾಡಿದ್ರೆ ಅದೇ ಅಂಗಡಿಯಿಂದ ಅಲ್ಲಿನ ರೇಟಿಗೇ ಕೊಂಡು ಕಳಿಸ್ತಿದ್ರು. ಪ್ರತಿ ಜೊತೆ ಮೇಲೂ ಲಾಸ್, ಆದ್ರೆ ಹಾಕಿ ನೋಡದೇ ಜನ ಆನ್‌ಲೈನಲ್ಲಿ ಶೂ ತಗೊಳ್ತಾರಾ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ತು.

ಎರಡನೇದು ಕಾಲೇಜಿಗೆ ಇನ್ನೂ ಹತ್ರ. ರೆಂಟ್ ದ ರನ್‌ವೇ ಅನ್ನೋ ಡ್ರೆಸ್ ಬಾಡಿಗೆ ಕಂಪನಿಯನ್ನ ಶುರು ಮಾಡಿದ ಜೆನಿಫರ್ ಹೈಮನ್, ಜೆನಿಫರ್ ಫ್ಲೈಸ್ ಇಬ್ರೂ ಆಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಲ್ಲಿ ಓದ್ತಿದ್ರು. ಡಿಸೈನರ್ ಡ್ರೆಸ್‌ಗಳನ್ನ ಕೊಂಡು ತಂದು ಮೊದಲು ಕ್ಯಾಂಪಸಲ್ಲಿ ಹಾಕಿ ನೋಡೋಕೆ ಬಿಟ್ಟು ಬಾಡಿಗೆಗೆ ಕೊಟ್ರು. ಆಮೇಲಿನ ಸಲ ನೋಡಬಹುದು, ಹಾಕಿ ನೋಡೋ ಹಾಗಿಲ್ಲ. ಅದಾದ ಮೇಲೆ ಬರೀ ಫೋಟೋ. ಪ್ರತಿ ಹೆಜ್ಜೇಲೂ ಬಾಡಿಗೆಗೆ ತಗೊಳ್ಳೋರು ಕಡಿಮೆ ಆಗ್ತಾರೆ, ಎಷ್ಟು ಕಡಿಮೆ ಆಗ್ತಾರೆ, ಉಳಿದವರು ಸಾಕಾ ಅನ್ನೋದೇ ಅವ್ರ ಪ್ರಶ್ನೆ. ನೋಡಿ, ವೆಬ್‌ಸೈಟ್ ಕಟ್ಟೋಕೆ ಮುಂಚೆ ವೆಬ್‌ಸೈಟ್ ನಡೆಯತ್ತಾ ಅಂತ ತಿಳ್ಕೊಂಡ್ರು. ಈ ಮೂರು ಹೆಜ್ಜೆಯನ್ನ ಬೋರ್ಡ್ ಮೇಲೆ ಬರೆದು, ನಿಮ್ಮ ಐಡಿಯಾದಲ್ಲಿ ಇಂಥ ಮೂರು ಹೆಜ್ಜೆ ಯಾವುದು ಅಂತ ತಂಡಗಳಿಗೆ ಕೇಳಿ, ಆ ಒಂದು ಗಂಟೆ ಕ್ಲಾಸ್ ವ್ಯರ್ಥ ಆಗಲ್ಲ.

ಉಲ್ಟಾ ಉದಾಹರಣೆನೂ ಬೇಕು. ವೆಬ್‌ವ್ಯಾನ್ ಅಂತ ಮನೆಗೆ ದಿನಸಿ ತಲುಪ್ಸೋ ಕಂಪನಿ ಇತ್ತು, 1999ರಲ್ಲಿ ಷೇರು ಮಾರ್ಕೆಟಿಗೆ ಬಂತು, ಪ್ಲ್ಯಾನ್ ಪ್ರಕಾರ ಊರೂರಲ್ಲಿ ಭಾರೀ ಗೋಡೌನ್ ಕಟ್ಟೋಕೆ ಸುಮಾರು 100 ಕೋಟಿ ಡಾಲರ್ ಕಾಂಟ್ರ್ಯಾಕ್ಟ್ ಕೊಟ್ಟಿತ್ತು, ಆರ್ಡರ್ ಮಾತ್ರ ಪ್ಲ್ಯಾನ್ ಪ್ರಕಾರ ಬರಲಿಲ್ಲ, 2001ರಲ್ಲಿ ದಿವಾಳಿ. ಖರ್ಚು ಖಚಿತ, ಆದಾಯ ಖಚಿತ ಇಲ್ಲ ಅನ್ನೋ ಕ್ಯಾಂಟಿಲನ್ ಮಾತು ಇಲ್ಲಿ ಅಕ್ಷರಶಃ ಕಣ್ಣಿಗೆ ಕಾಣತ್ತೆ.

ಸೈಕಲ್ ತಂಡದ ಪರೀಕ್ಷೆ ಏನು ಗೊತ್ತಾ, ಒಂದು ಶನಿವಾರ ಎರಡು ಗಂಟೆ, ಕೈಯಲ್ಲಿರೋ ಪಾನಾ ಸ್ಕ್ರೂಡ್ರೈವರ್, ಗೇಟ್ ಹತ್ರ ಒಂದು ಬೋರ್ಡ್, ಬೆಲೆ ಬರೆದಿರ್ಬೇಕು. ಫ್ರೀ ಮಾಡ್ಬಾರದು, ಫ್ರೀ ಮಾಡಿದ್ರೆ ಏನೂ ಗೊತ್ತಾಗಲ್ಲ. ಬೋರ್ಡ್ ನೋಡಿ ನಿಂತವರು ಎಷ್ಟು, ಬೆಲೆ ಕೇಳಿ ಹೋದವರು ಎಷ್ಟು, ಮಾಡಿಸ್ಕೊಂಡವರು ಎಷ್ಟು, ಒಂದು ಸೈಕಲಿಗೆ ಎಷ್ಟು ನಿಮಿಷ ಹಿಡೀತು. ಈ ನಾಲ್ಕು ಅಂಕಿ ಯಾವ ಚಾಟ್‌ಬಾಟೂ ಕೊಡಲ್ಲ.

ಲೆಕ್ಕ, ಇದನ್ನ ಓಡ್ಸ್ಬೇಡಿ

ಕಾಮರ್ಸ್ ಅಲ್ಲದ ಹುಡುಗರು ಲೆಕ್ಕ ಅಂದ್ರೆ ಹೆದರ್ತಾರೆ, ಕಾಮರ್ಸ್ ಹುಡುಗರು ಬ್ಯಾಲೆನ್ಸ್ ಶೀಟ್ ಬರೆದು ಎಲ್ಲಾ ಗೊತ್ತಾಯ್ತು ಅನ್ಕೊಳ್ತಾರೆ. ಇಬ್ರಿಗೂ ಬೇಕಾಗಿರೋದು ಒಂದೇ ಒಂದು ಸರ್ವೀಸಿನ ಲೆಕ್ಕ, ಮೊದಲು ಅಷ್ಟು ಸರಿ ಆಗ್ಲಿ. ದುಡ್ಡು ಯಾವ ದೇಶದ್ದಾದ್ರೂ ಆಗ್ಲಿ, ಬರೀ ಅಂಕಿ ತಗೊಳ್ಳೋಣ.

ಒಂದು ಸರ್ವೀಸಿಗೆ 150 ತಗೊಳ್ತಾರೆ. ಅದ್ರಲ್ಲಿ ಕೇಬಲ್, ಬ್ರೇಕ್ ಪ್ಯಾಡ್, ಗ್ರೀಸಿಗೆ 40. ಕೆಲ್ಸ ಮಾಡಿದವರಿಗೆ 50. ಉಳಿಯೋದು 60. ತಿಂಗಳಿಗೆ ಸೈಕಲ್ ಬಂದ್ರೂ ಬರದಿದ್ರೂ ಕೊಡಲೇಬೇಕಾದ ಖರ್ಚು, ಅಂದ್ರೆ ಜಾಗದ ಬಾಡಿಗೆ, ಫೋನು, ಪ್ರಚಾರ ಎಲ್ಲಾ ಸೇರಿ 6000. ಹಾಗಾದ್ರೆ 6000 ಭಾಗಿಸು 60, ತಿಂಗಳಿಗೆ 100 ಸರ್ವೀಸ್ ಆದ್ರೆ ಲಾಭ ಇಲ್ಲ ನಷ್ಟ ಇಲ್ಲ, ಇದೇ ಬ್ರೇಕ್ ಈವನ್. ತಿಂಗಳಲ್ಲಿ 25 ದಿನ ಕೆಲ್ಸ ಅಂದ್ರೆ ದಿನಕ್ಕೆ 4, ಒಂದಕ್ಕೆ ಮುಕ್ಕಾಲು ಗಂಟೆ ಅಂದ್ರೆ ದಿನಾ ಮೂರು ಗಂಟೆ. ಕ್ಲಾಸ್ ಬಿಟ್ಟ ಮೇಲೆ ದಿನಾ ಮೂರು ಗಂಟೆ ಯಾರು ಕೂರ್ತಾರೆ, ಪರೀಕ್ಷೆ ಬಂದಾಗ ಯಾರು ಕೂರ್ತಾರೆ ಅಂತ ಈಗ ಕೇಳಿ. ಅಂಕಿ ಮನುಷ್ಯರ ಟೈಮಾಗಿ ಬದಲಾದಾಗ ತಂಡದವರು ಒಬ್ಬರ ಮುಖ ಒಬ್ಬರು ನೋಡ್ಕೊಳ್ತಾರೆ.

ಆಮೇಲೆ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಗಿರಾಕಿ ಬರ್ತಿಲ್ಲ, ಸ್ವಲ್ಪ ಡಿಸ್ಕೌಂಟ್ ಕೊಡೋಣ, 130 ಮಾಡೋಣ, ಬರೀ 20 ತಾನೇ. ಲೆಕ್ಕ ಹಾಕ್ಸಿ. ಉಳಿಯೋದು 60 ಅಲ್ಲ ಈಗ 40, ಬ್ರೇಕ್ ಈವನ್ 100 ಅಲ್ಲ ಈಗ 150. ಬೆಲೆ ಇಳಿಸಿದ್ದು ಶೇ 13ರಷ್ಟು, ಮಾಡ್ಬೇಕಾದ ಕೆಲ್ಸ ಏರಿದ್ದು ಶೇ 50. ನೀವು ಹೇಳೋದಕ್ಕಿಂತ ಅವ್ರ ಕೈಯಲ್ಲೇ ಕ್ಯಾಲ್ಕುಲೇಟರ್ ಕೊಟ್ಟು ಮಾಡ್ಸಿ, ಒಂದ್ಸಲ ಮಾಡಿದವರು ಡಿಸ್ಕೌಂಟ್ ಬಗ್ಗೆ ಮತ್ತೆ ಹಗುರವಾಗಿ ಮಾತಾಡಲ್ಲ.

ಈಗ ಬರೋದು ಎಲ್ಲಕ್ಕಿಂತ ಮುಖ್ಯವಾದ್ದು, ಲಾಭ ಬೇರೆ, ಕೈಯಲ್ಲಿರೋ ದುಡ್ಡು ಬೇರೆ. ಮೊದಲ ತಿಂಗಳು ಸರಿಯಾಗಿ 100 ಸರ್ವೀಸ್ ಆಯ್ತು ಅಂತ ಇಟ್ಕೊಳ್ಳಿ, ಬರಬೇಕಾದ್ದು 15,000. ಆದ್ರೆ ಅರ್ಧ ಜನ "ಮುಂದಿನ ತಿಂಗಳು ಕೊಡ್ತೀವಿ" ಅಂತ ಬಾಕಿ ಉಳಿಸಿದ್ರು. ಕೈಗೆ ಬಂದಿದ್ದು 7,500. ಕೊಟ್ಟಿದ್ದು ಸಾಮಾನಿಗೆ 4,000, ಕೆಲ್ಸದವರಿಗೆ 5,000, ಬಾಡಿಗೆ ವಗೈರೆ 6,000, ಒಟ್ಟು 15,000. ಪೇಪರ್ ಮೇಲೆ ನಷ್ಟ ಸೊನ್ನೆ, ಜೇಬಿಂದ ಹೋಗಿದ್ದು 7,500. ಎರಡನೇ ತಿಂಗಳು ಹಳೇ ಬಾಕಿ 7,500 ಬಂತು, ಹೊಸದ್ರಲ್ಲಿ ಅರ್ಧ 7,500 ಬಂತು, ಖರ್ಚು ಮತ್ತೆ 15,000, ಸರಿಹೋಯ್ತು, ಆದ್ರೆ ಆ ಮೊದಲ 7,500 ಹೊರಗೇ ಸಿಕ್ಕಾಕ್ಕೊಂಡಿದೆ. ಗಿರಾಕಿಗಳಿಗೆ ಬಾಕಿ ಬಿಡ್ತಾ ಇರೋವರೆಗೂ ಅದು ವಾಪಸ್ ಬರಲ್ಲ, ವರ್ಕಿಂಗ್ ಕ್ಯಾಪಿಟಲ್ ಅಂತಾರಲ್ಲ, ಅದು ಇದೇ.

ಮೂರನೇ ತಿಂಗಳು ಬಿಸಿನೆಸ್ ಡಬಲ್ ಆಯ್ತು ಅನ್ಕೊಳ್ಳಿ, 200 ಸರ್ವೀಸ್, ಎಲ್ಲರಿಗೂ ಖುಷಿ. ಲಾಭ 200 ಗುಣಿಸು 60, ಅಂದ್ರೆ 12,000, ಅದ್ರಲ್ಲಿ 6,000 ಕಳೆದ್ರೆ 6,000 ಲಾಭ. ಕೈಗೆ ಬಂದಿದ್ದು ಹಳೇ ಬಾಕಿ 7,500, ಹೊಸದ್ರಲ್ಲಿ ಅರ್ಧ 15,000, ಒಟ್ಟು 22,500. ಕೊಟ್ಟಿದ್ದು 8,000, 10,000, 6,000, ಒಟ್ಟು 24,000. ಲಾಭ 6,000 ಬಂದ ತಿಂಗಳಲ್ಲೇ ಗಲ್ಲಾಪೆಟ್ಟಿಗೆಯಿಂದ 1,500 ಕಡಿಮೆ ಆಯ್ತು! ಚೆನ್ನಾಗಿ ಓಡ್ತಿರೋ ಬಿಸಿನೆಸ್‌ಗಳು ಬೆಳೀತಾ ಬೆಳೀತಾ ದುಡ್ಡಿಲ್ಲದೇ ನಿಂತು ಹೋಗೋದು ಹೀಗೆ. ಈ ಮೂರು ತಿಂಗಳ ಟೇಬಲ್ ಒಂದನ್ನ ತಂಡಗಳು ತಮ್ಮ ಕೈಯಾರೆ ಹಾಕಿದ್ರೆ ಐದು ವರ್ಷದ ಪ್ರೊಜೆಕ್ಷನ್ ಇಲ್ಲದೇ ಇದ್ರೂ ನಡೆಯತ್ತೆ. ಜೊತೆಗೆ "ಅಡ್ವಾನ್ಸ್ ತಗೊಂಡ್ರೆ ಏನಾಗತ್ತೆ" ಅಂತ ಇನ್ನೊಂದು ಸಲ ಹಾಕ್ಸಿ, ನಿಯಮ ಒಂದು ಬದಲಾದ್ರೆ ಬೇಕಾದ ಬಂಡವಾಳ ಎಷ್ಟು ಇಳಿಯತ್ತೆ ಅಂತ ಅವ್ರೇ ಕಂಡ್ಕೊಳ್ಳಲಿ.

ಮಾರ್ಕೆಟ್ ಸೈಜ್ ಬಗ್ಗೆ ಒಂದು ಮಾತು. "ದೇಶದಲ್ಲಿ ಇಷ್ಟು ಕೋಟಿ ಸೈಕಲ್ ಇದೆ, ಅದ್ರಲ್ಲಿ ಶೇ 1 ನಮಗೆ ಸಿಕ್ರೂ ಸಾಕು" ಅನ್ನೋ ವಾಕ್ಯ ಕಂಡ ತಕ್ಷಣ ಹೊಡೆದು ಹಾಕಿ. ಕೆಳಗಿಂದ ಮೇಲೆ ಬರ್ಬೇಕು: ಈ ಗೇಟಲ್ಲಿ ದಿನಾ ಬರೋ ಸೈಕಲ್ ಎಷ್ಟು, ಎಣಿಸಿದ್ರಾ, ಅದ್ರಲ್ಲಿ ನಿಂತವರು ಎಷ್ಟು, ದುಡ್ಡು ಕೊಟ್ಟವರು ಎಷ್ಟು, ಅವ್ರು ಎಷ್ಟು ತಿಂಗಳಿಗೊಮ್ಮೆ ವಾಪಸ್ ಬರ್ತಾರೆ.

ಈಗ ಪ್ಲ್ಯಾನ್ ಬರೀಲಿ

ಇಷ್ಟಾದ ಮೇಲೆ ಬರೆಯೋದು ಕಷ್ಟ ಅಲ್ಲ, ವಿಷಯ ಎಲ್ಲಾ ಕೈಯಲ್ಲಿದೆ. ಬರೆಯೋಕೆ ಮುಂಚೆ ಒಂದು ಹಾಳೇಲಿ ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್ ತುಂಬಿಸಿದ್ರೆ ಅನುಕೂಲ, ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ಮಾಡಿದ 9 ಚೌಕದ ಹಾಳೆ ಅದು, ಗಿರಾಕಿ ಯಾರು, ಅವರಿಗೆ ಏನು ಕೊಡ್ತೀವಿ, ಹೇಗೆ ತಲುಪ್ತೀವಿ, ಸಂಬಂಧ ಹೇಗೆ ಉಳಿಸ್ಕೊಳ್ತೀವಿ, ದುಡ್ಡು ಎಲ್ಲಿಂದ, ಮುಖ್ಯ ಕೆಲ್ಸ, ಬೇಕಾದ ಸಂಪನ್ಮೂಲ, ಜೊತೆಗಾರರು, ಖರ್ಚು. ಚೀಟಿ ಅಂಟಿಸಿ ತುಂಬಿಸ್ಲಿ, ತಪ್ಪು ಅಂತ ಗೊತ್ತಾದಾಗ ಕಿತ್ತು ಹಾಕೋಕೆ ಸುಲಭ.

ಪ್ಲ್ಯಾನ್ ಹತ್ತು ಹನ್ನೆರಡು ಪುಟ ದಾಟ್ಬಾರದು. ಮೊದಲು ಗಿರಾಕಿ ಮತ್ತು ಅವ್ರ ತೊಂದ್ರೆ, ಅವ್ರದೇ ಮಾತಲ್ಲಿ. ಆಮೇಲೆ ನಾವು ಏನು ಕೊಡ್ತೀವಿ, ಏನು ಕೊಡಲ್ಲ, ಈ ಎರಡನೇದು ಬರೆಯೋಕೆ ಮರೀತಾರೆ, ನೆನಪಿಸಿ. ಪ್ರತಿಸ್ಪರ್ಧಿಗಳು, ಏನೂ ಮಾಡದೇ ಸುಮ್ಮನಿರೋದೂ ಸೇರಿ. "ನಮಗೆ ಪ್ರತಿಸ್ಪರ್ಧಿಗಳೇ ಇಲ್ಲ" ಅಂತ ಬರೆದಿದ್ರೆ ಒಂದೋ ಹುಡುಕಿಲ್ಲ, ಇಲ್ಲಾ ಆ ವಸ್ತು ಯಾರಿಗೂ ಬೇಡ. ಮಾರೋದು ಹೇಗೆ ಅನ್ನೋ ಭಾಗದಲ್ಲಿ "ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್" ಅಂತ ಎರಡು ಪದ ಬರೆದು ಮುಂದೆ ಹೋದ್ರೆ ವಾಪಸ್ ಕೊಡಿ, ಮೊದಲ ಹತ್ತು ಗಿರಾಕಿಗಳು ಎಲ್ಲಿಂದ ಬರ್ತಾರೆ ಅಂತ ಬರೀಲಿ. ದಿನದ ಕೆಲ್ಸ ಹೇಗೆ ನಡೆಯತ್ತೆ, ಯಾರು ಏನು ಮಾಡ್ತಾರೆ. ತಂಡದವರ ಪಾಲು ಎಷ್ಟೆಷ್ಟು, ಒಬ್ರು ಮಧ್ಯದಲ್ಲಿ ಬಿಟ್ರೆ ಏನು ಅಂತ ಒಂದು ಪುಟ ಸಹಿ ಸಮೇತ, ಸ್ನೇಹಿತರು ಅಂತ ಇದನ್ನ ಬಿಡಬಾರದು, ಸ್ನೇಹ ಉಳಿಯೋಕೇ ಇದು ಬೇಕು. ಆಮೇಲೆ ಲೆಕ್ಕ, ಮೇಲೆ ಹೇಳಿದ ಮೂರು: ಒಂದು ಸರ್ವೀಸಿನ ಲೆಕ್ಕ, ಬ್ರೇಕ್ ಈವನ್, ತಿಂಗಳು ತಿಂಗಳಿನ ಕ್ಯಾಶ್ ಫ್ಲೋ, ಅಂದ್ರೆ ಕೈಗೆ ಬಂದ ದುಡ್ಡು ಕೈಯಿಂದ ಹೋದ ದುಡ್ಡಿನ ಲೆಕ್ಕ, ಒಂದು ವರ್ಷಕ್ಕೆ. ರಿಸ್ಕ್. ಎಷ್ಟು ದುಡ್ಡು ಬೇಕು, ಯಾವುದಕ್ಕೆ. ಎಕ್ಸಿಕ್ಯುಟಿವ್ ಸಮ್ಮರಿ ಮೊದಲ ಪುಟದಲ್ಲಿ ಬರತ್ತೆ ಆದ್ರೆ ಎಲ್ಲಾ ಮುಗಿದ ಮೇಲೆ ಕೊನೇಲಿ ಬರೀಬೇಕು, ಒಂದೇ ಪುಟ, ಅದನ್ನ ಓದಿದವರು ಉಳಿದಿದ್ದು ಓದದೇ ಇದ್ರೂ ಏನು, ಯಾರಿಗೆ, ಎಷ್ಟಕ್ಕೆ, ಇದುವರೆಗೆ ಏನಾಗಿದೆ ಅಂತ ಗೊತ್ತಾಗ್ಬೇಕು.

ಇನ್ನು ನಾನು ಬಹಳ ಒತ್ತಿ ಹೇಳೋ ವಿಷಯ. ಪ್ಲ್ಯಾನಲ್ಲಿ ಬರೋ ಪ್ರತಿ ಅಂಕಿ ಪಕ್ಕ ಒಂದು ಪದ ಇರ್ಬೇಕು: ಮಾರಿದ್ದು, ನೋಡಿದ್ದು, ಕೇಳಿದ್ದು, ಊಹಿಸಿದ್ದು. ಶನಿವಾರ ದುಡ್ಡು ಕೊಟ್ಟು ಸರ್ವೀಸ್ ಮಾಡಿಸಿದವರ ಸಂಖ್ಯೆ "ಮಾರಿದ್ದು". ಗೇಟಲ್ಲಿ ನಿಂತು ಎಣಿಸಿದ ಸೈಕಲ್ "ನೋಡಿದ್ದು". ಬ್ರೇಕ್ ಪ್ಯಾಡ್ ಬೆಲೆ ಅಂಗಡೀಲಿ ವಿಚಾರಿಸಿದ್ದು "ಕೇಳಿದ್ದು". ಎರಡನೇ ವರ್ಷದ ಬೆಳವಣಿಗೆ "ಊಹಿಸಿದ್ದು". ಊಹೆ ಇರೋದು ತಪ್ಪಲ್ಲ, ಊಹೆ ಇಲ್ಲದೇ ಪ್ಲ್ಯಾನೇ ಇಲ್ಲ, ಆದ್ರೆ ಊಹೆನ ಊಹೆ ಅಂತ ಬರೀಬೇಕು. ಓದೋರಿಗೆ ಒಂದು ನೋಟಕ್ಕೇ ಈ ಪ್ಲ್ಯಾನ್ ಎಲ್ಲಿ ಗಟ್ಟಿ ಎಲ್ಲಿ ಪೊಳ್ಳು ಅಂತ ಕಾಣತ್ತೆ, ಬರೆಯೋರಿಗೂ ಮುಂದಿನ ವಾರ ಯಾವ ಊಹೆನ ಪರೀಕ್ಷೆ ಮಾಡ್ಬೇಕು ಅಂತ ಗೊತ್ತಾಗತ್ತೆ.

ಮಾರ್ಕ್ಸ್ ಮತ್ತು ಪ್ರೆಸೆಂಟೇಶನ್

ಮಾರ್ಕ್ಸ್ ಎಲ್ಲಿದೆಯೋ ಹುಡುಗರ ಕಣ್ಣು ಅಲ್ಲಿರತ್ತೆ, ಅದು ಸಹಜ. ನೂರರಲ್ಲಿ 40 ಗಿರಾಕಿಗಳ ಜೊತೆಗಿನ ಮಾತುಕತೆ ಮತ್ತು ಮಾರಿ ನೋಡಿದ ಪರೀಕ್ಷೆಯ ದಾಖಲೆಗೆ, 30 ಲೆಕ್ಕಕ್ಕೆ, 20 ಬರೆದ ಪ್ಲ್ಯಾನಿಗೆ, 10 ಪ್ರೆಸೆಂಟೇಶನ್‌ಗೆ, ಹೀಗೆ ಇಡಿ. ಸ್ಲೈಡ್ ಚೆನ್ನಾಗಿ ಮಾಡೋರಿಗೆ ಸ್ವಲ್ಪ ಬೇಜಾರಾಗಬಹುದು, ಆದ್ರೆ ಬಿಸಿಲಲ್ಲಿ ಗೇಟ್ ಹತ್ರ ನಿಂತವರಿಗೆ ನ್ಯಾಯ ಸಿಗತ್ತೆ. ಗುಂಪಲ್ಲಿ ಒಬ್ರೇ ದುಡಿಯೋದು ಎಲ್ಲಾ ಕಡೆ ಇರೋ ಸಮಸ್ಯೆ, ಪ್ರತಿಯೊಬ್ರೂ ಉಳಿದವರ ಕೆಲಸದ ಬಗ್ಗೆ ಗುಟ್ಟಾಗಿ ಒಂದು ಚೀಟಿ ಬರೆದು ಕೊಡ್ಲಿ, ಸೆಮಿಸ್ಟರ್ ನಡುವೆ ಒಂದ್ಸಲ ಕೊನೇಗೆ ಒಂದ್ಸಲ, ನಡುವಿನದು ಬರೀ ಎಚ್ಚರಿಕೆಗೆ.

ಒಂದು ನಿಯಮ ಮೊದಲ ದಿನವೇ ಹೇಳಿ: "ನಮ್ಮ ಐಡಿಯಾ ನಡೆಯಲ್ಲ, ಇದೋ ಸಾಕ್ಷಿ" ಅಂತ ಬರೆದು ತಂದ ತಂಡಕ್ಕೂ ಪೂರ್ತಿ ಮಾರ್ಕ್ಸ್ ಸಿಗತ್ತೆ. ಇದನ್ನ ಹೇಳದೇ ಇದ್ರೆ ನಡೆಯಲ್ಲ ಅಂತ ಗೊತ್ತಾದ ಮೇಲೂ ಮಾರ್ಕ್ಸಿಗೋಸ್ಕರ ಅಂಕಿ ತಿದ್ದಿ ಲಾಭ ತೋರಿಸ್ತಾರೆ, ಅಂದ್ರೆ ನಾವೇ ಅವರಿಗೆ ಸುಳ್ಳು ಲೆಕ್ಕ ಬರೆಯೋದು ಕಲಿಸಿದ ಹಾಗಾಯ್ತು. ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ.

ಪ್ರೆಸೆಂಟೇಶನ್ ದಿನ ಬರೀ ಲೆಕ್ಚರರ್‌ಗಳನ್ನ ಕೂರಿಸ್ಬೇಡಿ, ಸ್ವಂತ ಅಂಗಡಿ ನಡೆಸೋರು ಒಬ್ರು, ಬ್ಯಾಂಕಲ್ಲಿ ಸಾಲ ಕೊಡೋರು ಒಬ್ರು ಬರ್ಲಿ. ಹತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೆ. ಪ್ರತಿ ತಂಡಕ್ಕೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ, "ನಿಮ್ಮ ಪ್ಲ್ಯಾನಲ್ಲಿ ನಿಮಗೇ ಅನುಮಾನ ಇರೋ ಅಂಕಿ ಯಾವುದು, ಅದು ಅರ್ಧ ಆದ್ರೆ ಏನಾಗತ್ತೆ?" ಉತ್ತರ ತಕ್ಷಣ ಬಂದ್ರೆ ಆ ಪ್ಲ್ಯಾನ್ ಅವ್ರೇ ಬರೆದಿದ್ದು.

ಮಾರ್ಕ್ಸ್ ಕೊಟ್ಟ ಮೇಲೆ ಪ್ಲ್ಯಾನ್‌ಗಳನ್ನ ಬೀರುವಲ್ಲಿ ಕಟ್ಟಿಡ್ಬೇಡಿ, ತಂಡಕ್ಕೆ ವಾಪಸ್ ಕೊಡಿ. ಮುಂದುವರಿಸ್ತೀವಿ ಅನ್ನೋ ತಂಡಕ್ಕೆ ಕ್ಯಾಶ್ ಫ್ಲೋ ಟೇಬಲ್ ಪಕ್ಕ "ನಿಜವಾಗಿ ಆಗಿದ್ದು" ಅಂತ ಇನ್ನೊಂದು ಕಾಲಂ ಎಳೆದು ಕೊಡಿ, ಪ್ರತಿ ತಿಂಗಳ ಮೊದಲ ವಾರ ಅದನ್ನ ತುಂಬಿಸಿ ತಂದು ತೋರಿಸ್ಲಿ, ನೀವು ಹದಿನೈದು ನಿಮಿಷ ಕೂತು ನೋಡಿ. ಎರಡು ಕಾಲಂ ಹೆಚ್ಚು ದೂರ ಹೋದ ಸಾಲು ಯಾವುದೋ, ಮುಂದಿನ ತಿಂಗಳಿನ ಕೆಲ್ಸ ಅಲ್ಲಿಂದ ಶುರು.